ಗಾಸ್ಪರನ ಯಂತ್ರಕ್ಕೆ ಆಯುಧಪೂಜೆ

೧೯೭೧ನೇ ಇಸವಿ ಮೇ ೯, ಭಾನುವಾರ. ನನ್ನ ಡೈರಿಯಲ್ಲಿ ಹೀಗಿದೆ: "ಹೊಲಿಗೆ ಯಂತ್ರ ಮನೆಗೆ ಬಂತು. ಮೊದಲ ದರ್ಜೆಯಲ್ಲಿ ಬಿ.ಎ. ಆದ ನನಗೂ ಅದಕ್ಕೆ ದಾರ ಪೋಣಿಸಲು ಬರಲಿಲ್ಲ. ಅತ್ತೆ ನಕ್ಕು ಒಂದು ಕತೆ ಹೇಳಿದರು." ಕತೆಯನ್ನು ಅಂದೇ ಬರೆದಿಟ್ಟಿದ್ದೆ.

ಕಡಲ ಬದಿಯಲ್ಲಿ ಹೊಳೆಬಾಗಿಲು ಎಂಬ ಪುಟ್ಟ ರಾಜ್ಯ. ರಾಜನ ಹೆಸರು ಚೆಲುವರಸ. ಒಂದು ವರ್ಷ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ನಲವತ್ತು ಮನೆಗಳ ಅನ್ನಕ್ಕೆ ಕುತ್ತು ಬಂತು. ಆಗ ಗಾಸ್ಪರನೆಂಬ ಪರಂಗಿ ವರ್ತಕ ನೀರೆತ್ತುವ ಯಂತ್ರವೊಂದನ್ನು ಹಡಗಿನಲ್ಲಿ ತಂದ. ಇಬ್ಬರು ಹಿಡಿ ತಿರುಗಿಸಿದರೆ ಸಂಜೆಯೊಳಗೆ ಒಂದು ಗದ್ದೆ ಬರಿದು!

"ಇನ್ನೂ ನಾಲ್ಕು ಕೊಡಿ" ಎಂದ ರಾಜ.

"ಒಂದೊಂದಕ್ಕೂ ಒಂದೊಂದು ವರ್ಷದ ಕಾಳುಮೆಣಸು. ಪೂರ್ತಿ ಬೆಳೆ."

"ನಮ್ಮ ಬಡಗಿಯೇ ಮಾಡಿದರೆ?"

ಗಾಸ್ಪರ ಹೊಟ್ಟೆ ಹಿಡಿದು ನಕ್ಕ. "ನಿಮ್ಮ ಮುದ್ರೆ ಬಿದ್ದ ಕರಾರು ಓದಿ, ಪ್ರಭು. ನಿಮ್ಮವರು ಯಾರೂ ಇದನ್ನು ಬಿಚ್ಚಬಾರದು, ಬರೆದುಕೊಳ್ಳಬಾರದು. ತಪ್ಪಿದರೆ ಹನ್ನೆರಡು ವರ್ಷ ಮೆಣಸು ಪುಕ್ಕಟೆ. ನಮ್ಮ ತಾತ ತುರುಕರ ಬಂದರಿನಲ್ಲಿ ಕಾಲಿನ ಜೋಡಿನ ದಾರ ಕಟ್ಟುವ ನೆಪದಲ್ಲಿ ಮೂರು ಸಲ ಬಗ್ಗಿ, ಇದರ ಗುಟ್ಟು ನೋಡಿಕೊಂಡು ಬಂದವರು. ಅಷ್ಟು ಸುಲಭಕ್ಕೆ ಬಿಡುತ್ತೇವೆಯೇ?"

ಅವನು ಹೋದ ಮೇಲೆ ರಾಜ ಆಸ್ಥಾನದ ಜಾಣ ಬೊಮ್ಮರಸನತ್ತ ತಿರುಗಿದ. "ಕರಾರೂ ಮುರಿಯಬಾರದು, ಯಂತ್ರವೂ ಬೇಕು. ಆಗದಿದ್ದರೆ ಗದ್ದೆಯ ನೀರನ್ನು ನೀನೇ ಚೆಂಬಿನಲ್ಲಿ ಎತ್ತು!"

"ಚೆಂಬು ಸಣ್ಣದಿರಲಿ ಪ್ರಭು, ನನಗೆ ಸೊಂಟ ನೋವು" ಎಂದು ಬೊಮ್ಮರಸ ಎದ್ದ.

ನವರಾತ್ರಿ ಬಂತು. ಬೊಮ್ಮರಸ ಗಾಸ್ಪರನ ಬಿಡಾರಕ್ಕೆ ಹೋದ. "ಸಾಹುಕಾರರೇ, ನಾಳೆ ಆಯುಧಪೂಜೆ. ಬಿಚ್ಚಿ ತೊಳೆದು ಪೂಜೆ ಮಾಡದ ಸಾಮಾನನ್ನು ನಮ್ಮ ಜನ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಯಂತ್ರ ತಿರುಗದು, ತಿರುಗದಿದ್ದರೆ ನಿಮಗೆ ಮೆಣಸು ಬಾರದು. ನಾವಂತೂ ಬಿಚ್ಚುವ ಹಾಗಿಲ್ಲ..."

"ನಾನೇ ಬಿಚ್ಚುತ್ತೇನೆ. ಆದರೆ ಕಾಗದ, ಓಲೆ, ಓಲೆಯ ಮೇಲೆ ಬರೆಯುವ ಕಂಟ ಯಾರ ಹತ್ತಿರವೂ ಇರಕೂಡದು!"

"ಪೂಜೆಗೆ ಕಾಗದ ಯಾಕೆ?"

ಮರುದಿನ ಗಾಸ್ಪರ ಎಲ್ಲರ ಮಡಿಲು ತಡವಿ ನೋಡಿದ. ಆಮೇಲೆ ತನ್ನ ಕೈಯಾರೆ ಯಂತ್ರ ಬಿಚ್ಚಿ, ಒಂದೊಂದೇ ಭಾಗವನ್ನು ಚಾಪೆಯ ಮೇಲಿಟ್ಟ. ಬಡಗಿ ಈರಾಚಾರಿ ಪ್ರತಿ ಭಾಗದ ಸುತ್ತಳತೆಗೆ, ಉದ್ದಕ್ಕೆ ಸರಿಯಾಗಿ ಅರಿಶಿನದ ದಾರ ಕಟ್ಟಿದ. ಪುರೋಹಿತರು ಚಕ್ರದ ಹಲ್ಲಿಗೊಂದರಂತೆ ಕುಂಕುಮವಿಟ್ಟು ದೇವರ ಇಪ್ಪತ್ತನಾಲ್ಕು ನಾಮ ಹೇಳಿದರು. ದೊಡ್ಡ ಚಕ್ರ ಕೇಶವನಿಂದ ಕೃಷ್ಣನವರೆಗೆ ಪೂರ್ತಿ ಹೋಯಿತು. ಚಿಕ್ಕದು ಹನ್ನೆರಡನೆಯ ದಾಮೋದರನಿಗೇ ಮುಗಿಯಿತು. ಈರಾಚಾರಿ ಒಂದೊಂದು ಭಾಗಕ್ಕೂ ಉದ್ದಂಡ ಬಿದ್ದು, ನೆಲಕ್ಕೆ ಕೆನ್ನೆಯಿಟ್ಟು, ಅಡಿಯಿಂದಲೂ ನೋಡಿ ಎದ್ದ.

"ಎಂಥ ಭಕ್ತಿ!" ಎಂದ ಗಾಸ್ಪರ.

"ವಂಶಪಾರಂಪರ್ಯ" ಎಂದ ಬೊಮ್ಮರಸ.

ಪೂಜೆಯಾದ ಮೇಲೆ ಈರಾಚಾರಿ ದಾರಗಳನ್ನು ಪ್ರಸಾದವೆಂದು ಮನೆಗೊಯ್ದ. ಗಾಸ್ಪರ ಯಂತ್ರ ಜೋಡಿಸಿ, ಪಾಯಸ ಎರಡು ಸಲ ಬಡಿಸಿಕೊಂಡ.

ದೀಪಾವಳಿಗೆ ನಾಲ್ಕು ಹೊಸ ಯಂತ್ರಗಳು ಗದ್ದೆಯಲ್ಲಿ ತಿರುಗುತ್ತಿದ್ದವು.

ಗಾಸ್ಪರ ಅರಮನೆಗೆ ಓಡಿ ಬಂದ. "ಮೋಸ! ಕರಾರು ಮುರಿದಿರಿ!"

ಬೊಮ್ಮರಸ ಕೈಮುಗಿದ. "ಬಿಚ್ಚಿದವರು ಯಾರು?"

"ನಾನು."

"ಬರೆದುಕೊಂಡವರು?"

"...ಯಾರೂ ಇಲ್ಲ. ಆದರೆ ಗುಟ್ಟು ಹೋದದ್ದು ಹೇಗೆ?"

"ಬಂದ ಹಾಗೆಯೇ ಸಾಹುಕಾರರೇ. ನಿಮ್ಮ ತಾತ ಜೋಡು ಕಟ್ಟಲು ಬಗ್ಗಿದರು. ನಮ್ಮ ಈರಾಚಾರಿ ನಮಸ್ಕಾರಕ್ಕೆ ಬಗ್ಗಿದ."

ರಾಜ ನಕ್ಕ ನಗುವಿಗೆ ಕಿರೀಟ ಓರೆಯಾಯಿತು. ಬೊಮ್ಮರಸನಿಗೆ ಚಿನ್ನದ ಚೆಂಬೊಂದು ಸಿಕ್ಕಿತು, ನೀರೆತ್ತುವುದಕ್ಕಲ್ಲ ಎಂಬ ಮಾತಿನೊಂದಿಗೆ.

ಒಟ್ಟು ಖರ್ಚೆಷ್ಟು ಎಂದು ಅತ್ತೆಯನ್ನು ಕೇಳಿ, ಕೊನೆಯಲ್ಲಿ ಇದನ್ನೂ ಬರೆದುಕೊಂಡಿದ್ದೇನೆ: ದಾರ ಒಂಬತ್ತು ಉಂಡೆ, ಕುಂಕುಮ ಒಂದು ಬಟ್ಟಲು, ಬೂದುಗುಂಬಳ ಒಂದು, ಗಾಸ್ಪರನ ಎರಡನೆಯ ಸಲದ ಪಾಯಸ, ಮತ್ತು ಈರಾಚಾರಿಯ ಮಂಡಿಗೆ ಹದಿನೈದು ದಿನ ಎಣ್ಣೆ.