ಪಾಲಕಿನ ಬುಡದಲ್ಲಿ ಎರಡು ಬೆರಳು

ಲೋಕ ಹೊಸದಾಗಿತ್ತು. ದೇವರು ಬೆಟ್ಟಗಳನ್ನು ಇಟ್ಟು, ಕೆರೆಗಳನ್ನು ತುಂಬಿಸಿ, ಕೈಗಂಟಿದ ಕೆಮ್ಮಣ್ಣನ್ನು ಇನ್ನೂ ತೊಳೆದುಕೊಂಡಿರಲಿಲ್ಲ. ಆಗ ಗಾಳಿಗೂ ಮಾತಿತ್ತು, ಸೊಪ್ಪಿಗೂ ಮಾತಿತ್ತು.

ಆ ಕಾಲದಲ್ಲಿ ಪಾಲಕ್ ಸೊಪ್ಪಿಗೆ ಒಂದೇ ಬಾಳು. ಬಿತ್ತಿದರು, ಬೆಳೆಯಿತು, ಬೇರುಸಹಿತ ಕಿತ್ತರು, ಮುಗಿಯಿತು.

ಕೆರೆಯ ತೂಬಿನ ಕೆಳಗೆ ಅಕ್ಕಯ್ಯಮ್ಮ ಎಂಬ ತಾಯಿ ಇದ್ದಳು. ಇಡೀ ಲೋಕದಲ್ಲಿ ಪಾಲಕ್ ಬೆಳೆದು ಮಾರುತ್ತಿದ್ದವಳು ಅವಳೊಬ್ಬಳೇ. ಸಂತೆಯ ಹಿಂದಿನ ದಿನ ಗಿಡ ಕೀಳುವಳು, ಬೇರನ್ನು ಕಾಲುವೆಯಲ್ಲಿ ಬೆಳ್ಳಗೆ ತೊಳೆಯುವಳು, ಬಾಳೆನಾರಿನಿಂದ ಕಟ್ಟು ಕಟ್ಟುವಳು. ತುಂಬಿದ ಮಕ್ಕರಿ ಸೊಪ್ಪು ಕೊಟ್ಟರೆ ಸಂತೆಯಲ್ಲಿ ಒಂದು ಕೊಳಗ ರಾಗಿ ಸಿಗುತ್ತಿತ್ತು. ಒಂದು ಸಾಲನ್ನು ಮಾತ್ರ ಬೀಜಕ್ಕೆಂದು ಬಿಟ್ಟು, ಬಂದ ಬೀಜವನ್ನು ಬೂದಿಯಲ್ಲಿ ಕಲಸಿ ಸೋರೆಬುರುಡೆಯಲ್ಲಿ ತುಂಬಿ ಸೂರಿಗೆ ಕಟ್ಟುವಳು.

ಒಂದು ವರ್ಷ ಅಡ್ಡಮಳೆ ಬಂತು. ಸೂರು ಸೋರಿತು. ಬುರುಡೆಯೊಳಗಿನ ಬೀಜವೆಲ್ಲ ಮೊಳೆತು ಕೊಳೆಯಿತು. ಹೊಲದಲ್ಲಿದ್ದ ಸೊಪ್ಪಿನ ಮಡಿಗಳೂ ಕೊಚ್ಚಿಹೋದವು. ಉಳಿದದ್ದು ಒಂದೇ ಒಂದು ಮಡಿ. ಕಿತ್ತರೆ ಸರಿಯಾಗಿ ಒಂದು ಮಕ್ಕರಿ.

ಮನೆಯಲ್ಲಿ ಮಗಳು ಚಿನ್ನಕ್ಕ ಹಸಿ ಬಾಣಂತಿ. ಹುಟ್ಟಿ ಒಂಬತ್ತು ದಿನದ ಕೂಸು ಎದೆ ಚೀಪಿ ಚೀಪಿ ಅಳುತ್ತಿತ್ತು.

"ಹಾಲೇ ಬರ್ತಿಲ್ಲ ಕಣಮ್ಮಾ," ಎಂದಳು ಚಿನ್ನಕ್ಕ. "ಒಂದು ಮುದ್ದೆ ಹೊಟ್ಟೆಗೆ ಬಿದ್ದಿದ್ರೆ..."

"ನಾಳೆ ಸಂತೆ ಕಣೆ. ರಾಗಿ ತರ್ತೀನಿ, ಸುಮ್ನೆ ಮಲಕ್ಕೊ," ಎಂದು ಅಕ್ಕಯ್ಯಮ್ಮ ಮಡಿಗೆ ಇಳಿದಳು. ಮೊದಲ ಗಿಡಕ್ಕೆ ಕೈ ಹಾಕಿದಳು.

ಆಗ ಪಾಲಕ್ ಮೆಲ್ಲಗೆ ಅಂದಿತು: "ಅಮ್ಮಾ, ಕಿತ್ತುಕೊ. ಕೂಸು ಅಳೋದು ನನಗೂ ಕೇಳ್ತದೆ. ಆದ್ರೆ ಬೀಜ ಇಲ್ಲ. ಇವತ್ತಿಗೆ ನಮ್ಮ ಕುಲವೇ ಮುಗೀತು, ಅಷ್ಟು ನೆನಪಿರಲಿ."

ಅಕ್ಕಯ್ಯಮ್ಮನ ಕೈ ನಿಂತುಹೋಯಿತು.

ಮೂಡಲಗಾಳಿ ನಕ್ಕಿತು. "ಸೊಪ್ಪಿಗೆ ಅಳ್ತಾ ಕೂತ್ರೆ ನಿನ್ನ ಮೊಮ್ಮಗಳಿಗೆ ಯಾರೇ ಅಳೋರು? ಕೀಳು ಕೀಳು!"

ಒಂದು ಸಾಲು ಬಿಡೋಣವೆಂದರೆ ಮಕ್ಕರಿ ತುಂಬದು. ತುಂಬದ ಮಕ್ಕರಿಗೆ ರಾಗಿ ಹುಟ್ಟದು. ಪೂರಾ ಬಿಡೋಣವೆಂದರೆ ಕೂಸಿನ ಗಂಟಲು ಆಗಲೇ ಒಣಗಿದೆ. ಅಕ್ಕಯ್ಯಮ್ಮ ಬರಿಗೈಯಲ್ಲಿ ಮನೆಗೆ ಬಂದು ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಒಂದೇ ಹಿಡಿ ರಾಗಿ, ಅದರ ಮೇಲೆ ಚಿಟಿಕೆ ಕುಂಕುಮ.

ಆ ಹಿಡಿ ಮನೆಯದಲ್ಲ, ದೇವರದು. ಎಂಥ ಹಸಿವಿದ್ದರೂ ವಾಡೆಯ ತಳ ಬಳಿಯಬಾರದೆಂದು ಅವಳ ಅತ್ತೆ ಕಲಿಸಿದ್ದಳು. "ತಳದಲ್ಲಿ ಒಂದು ಹಿಡಿ ಬಿಡು ಕಣೆ. ಭೂಮಿತಾಯಿ ಬಂದು ನೋಡಿದಾಗ ಕೂರೋಕೆ ಜಾಗ ಬೇಕಲ್ಲ," ಅನ್ನುತ್ತಿದ್ದಳು ಆ ಮುದುಕಿ.

ಅಕ್ಕಯ್ಯಮ್ಮ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. 'ವಾಡೆಗೊಂದು ತಳ ಇದೆ. ಮಡಿಗೆ ಇಲ್ಲವೆ?'

ಕುಡುಗೋಲನ್ನೂ ಕುಂಕುಮದ ಭರಣಿಯನ್ನೂ ಹಿಡಿದು ಮತ್ತೆ ಮಡಿಗೆ ಬಂದಳು. ಗಿಡದ ಬುಡಕ್ಕೆ ಎರಡು ಬೆರಳು ಅಡ್ಡ ಇಟ್ಟಳು.

"ಎರಡು ಬೆರಳು ದೇವರಿಗೆ. ಮೇಲಿನದು ಮಗಳಿಗೆ," ಎಂದು ಬೆರಳ ಮೇಲಿಂದ ಮೆತ್ತಗೆ ಕೊಯ್ದಳು. ಕೊಯ್ದ ಬುಡಕ್ಕೆ ಕುಂಕುಮ ಇಟ್ಟು ಕೈಮುಗಿದಳು. ಹೀಗೆ ಒಂದೊಂದು ಗಿಡಕ್ಕೂ ಎರಡು ಬೆರಳು, ಒಂದು ಬೊಟ್ಟು. ಮಡಿ ಮುಗಿಯುವ ಮೊದಲೇ ಭರಣಿ ಬರಿದಾಯಿತು. ಉಳಿದ ಬುಡಗಳಿಗೆ ಬರೀ ಕೈಮುಗಿದಳು. ಒಂದು ಗಿಡವನ್ನೂ ಬಿಡದೆ ಕೊಯ್ದದ್ದರಿಂದ ಮಕ್ಕರಿ ತುಂಬಿತು.

ಮರುದಿನ ಸಂತೆಯಲ್ಲಿ ರಾಗಿ ಮಾರುವ ಪಾಪಕ್ಕ ಕಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದೇನೇ ಅಕ್ಕಯ್ಯ, ಬೇರೇ ಇಲ್ಲ? ನಿಮ್ಮೆಮ್ಮೆ ಮೇಯ್ದು ಮಿಕ್ಕಿದ್ದನ್ನ ತಂದ್ಯಾ?"

"ಬೇರು ಬೇಯಿಸ್ಕೊಂಡು ತಿಂತೀಯೇನಕ್ಕ? ಎಲೆ ನೋಡು."

"ಬೇರು ನೋಡದೆ ಎಳೇದು ಅಂತ ಹೆಂಗೆ ಗೊತ್ತಾಗ್ಬೇಕು?"

"ತಿಂದು ನೋಡು. ಕಹಿ ಇದ್ರೆ ಮಕ್ಕರಿ ಹಂಗೇ ಇಟ್ಕೊ, ರಾಗಿ ಬೇಡ."

ಪಾಪಕ್ಕ ಒಂದೆಲೆ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಹಾಕಿಕೊಂಡಳು. ಆಮೇಲೆ ಒಂದು ಕೊಳಗ ಅಳೆದು, ಬಾಣಂತಿಗೆಂದು ಮೇಲೊಂದು ಬೊಗಸೆಯನ್ನೂ ಸುರಿದಳು.

ಅಂದು ಚಿನ್ನಕ್ಕ ಬಿಸಿ ಮುದ್ದೆ ಉಂಡಳು. ಮೂರನೆಯ ದಿನಕ್ಕೆ ಎದೆ ತುಂಬಿತು. ಕೂಸು ಕುಡಿದು, ತೇಗಿ, ನಿದ್ದೆ ಹೋಯಿತು.

ಮಡಿಯಲ್ಲಿ ಮಾತ್ರ ಬೋಳು ಬುಡಗಳು. ಅಕ್ಕಯ್ಯಮ್ಮ ದಿನಾ ಬೆಳಿಗ್ಗೆ ನೀರು ಹಾಯಿಸುವಳು. ಮೂಡಲಗಾಳಿ ದಿನಾ ಬಂದು ಅಣಕಿಸುವುದು: "ತಲೆ ಕೊಯ್ದು ಕಾಲಿಗೆ ನೀರು ಹಾಕ್ತಾಳೆ ನೋಡ್ರಪ್ಪ!"

"ನಂದು ನಾನು ಮಾಡಿದೀನಿ. ಮಿಕ್ಕಿದ್ದು ತಾಯಿದು," ಅನ್ನುವಳು ಅವಳು.

ಎಂಟನೆಯ ಬೆಳಿಗ್ಗೆ ನೀರು ಹಾಯಿಸಲು ಬಗ್ಗಿದಳು. ಬುಡದ ನಡುವಿನಿಂದ ಇಲಿಯ ಕಿವಿಯಷ್ಟು ಹಸಿರು ಇಣುಕುತ್ತಿತ್ತು. ಒಂದರಲ್ಲಲ್ಲ, ಎಲ್ಲದರಲ್ಲೂ.

ಅವಳ ಕಾಲಡಿಯಿಂದ ಭೂಮಿತಾಯಿಯ ದನಿ ಕೇಳಿತು: "ನೀನು ತಳ ಉಳಿಸಿದೆ ಮಗಳೇ. ತಳ ಇದ್ದರೆ ತುಂಬೋದು ನನಗೆಷ್ಟು ಹೊತ್ತು?"

ಅಕ್ಕಯ್ಯಮ್ಮ ಹಸಿ ಮಣ್ಣಿಗೆ ಹಣೆ ಹಚ್ಚಿದಳು. ಅಣಕಿಸುತ್ತಿದ್ದ ಗಾಳಿ ಕೂಡ ಆ ಎಳೆ ಎಲೆಗಳು ಮುರಿಯದಂತೆ ಸುತ್ತು ಹಾಕಿಕೊಂಡು ಹೋಯಿತು.

ಆ ಮಡಿಯನ್ನು ಅವಳು ಎರಡನೆಯ ಸಲ ಕೊಯ್ದಳು, ಮೂರನೆಯ ಸಲವೂ ಕೊಯ್ದಳು. ಕೊನೆಗೆ ದಂಟು ಎತ್ತರಕ್ಕೆ ಬಿಟ್ಟು ಬುರುಡೆ ತುಂಬ ಬೀಜ ಹಿಡಿದು, ಕೇಳಿದವರಿಗೆಲ್ಲ ಹಂಚಿದಳು. "ಬಿತ್ತಿ, ಬೆಳೀರಿ, ಮಾರಿ. ಆದ್ರೆ ಎರಡು ಬೆರಳು ಮರೀಬೇಡಿ," ಎಂದು ಹೇಳಿಯೇ ಬೀಜ ಅಳೆಯುತ್ತಿದ್ದಳು. ಆಸೆಬಿದ್ದು ಮಣ್ಣಿನ ಮಟ್ಟಕ್ಕೆ ಕೊಯ್ದವರ ಮಡಿ ಮಾತ್ರ ಮತ್ತೆ ಚಿಗುರಲಿಲ್ಲ.

ಅದಕ್ಕೇ ಮಗು, ಸೊಪ್ಪಿನ ತೋಟದವರು ಇವತ್ತಿಗೂ ಪಾಲಕಿನ ಬುಡ ಬಿಟ್ಟು ಕೊಯ್ಯುತ್ತಾರೆ, ಅದು ಮತ್ತೆ ಮತ್ತೆ ಚಿಗುರುತ್ತದೆ. ಕೆಲವು ಬುಡಗಳಲ್ಲಿ ನಿನಗೆ ಕಾಣುವ ಆ ನಸುಗೆಂಪು ಅಕ್ಕಯ್ಯಮ್ಮನ ಕುಂಕುಮ, ಬರೀ ಬೆಳ್ಳಗಿರುವ ಬುಡಗಳು ಭರಣಿ ಬರಿದಾದ ಮೇಲೆ ಅವಳು ಕೈ ಮಾತ್ರ ಮುಗಿದಂಥವು.