ಹನ್ನೆರಡು ಪದಗಳೂ ಒಂದು ಮೂಗೂ

“ಮಹಾಪ್ರಭು, ಮನುಷ್ಯನಿಗೆ ಎಚ್ಚರ ತಪ್ಪುವುದನ್ನು ಹೇಳಲು ಇಂಗ್ಲಿಷಿನಲ್ಲಿ ಹನ್ನೆರಡು ಪದಗಳಿವೆ. ಹನ್ನೆರಡೂ ನನಗೆ ಕಂಠಸ್ಥ!”

ಬಿದರಗೋಡಿನ ಅರಸರ ಹೊಸ ಕಾರ್ಯದರ್ಶಿ ಭುಜಂಗರಾಯರು ಮದರಾಸಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಎದೆಯುಬ್ಬಿಸಿ ಮುಂದುವರಿಸಿದರು: “ಡೇಜ್ಡ್, ಸ್ಟನ್ಡ್, ಸ್ಟುಪಿಫೈಡ್, ಸೆನ್ಸ್‌ಲೆಸ್... ಒಂದೊಂದಕ್ಕೂ ಒಂದೊಂದು ಲಕ್ಷಣ. ಅರಮನೆಯ ಗರಡಿಯ ಉಸ್ತಾದ್ ನಾಗೋಜಿಗೆ ಗೊತ್ತಿರುವುದು ‘ಬಿದ್ದ’ ಎಂಬ ಒಂದೇ ಮಾತು. ಇಂಥವನ ಕೈಯಲ್ಲಿ ಪೈಲ್ವಾನರ ಜೀವವೆ? ಅವನನ್ನು ಬಿಡಿಸಿ ಗರಡಿಯನ್ನು ನನಗೆ ಒಪ್ಪಿಸಬೇಕು.”

ಆ ಪದಗಳ ಸದ್ದಿಗೇ ಅರಸರು ಮನಸೋತಿದ್ದರು. ಮೂವತ್ತು ವರ್ಷ ಗರಡಿಯ ಕೆಮ್ಮಣ್ಣನ್ನು ಹದಮಾಡಿದ್ದ ನಾಗೋಜಿ ಕೈಕಟ್ಟಿ, ತಲೆತಗ್ಗಿಸಿ ನಿಂತಿದ್ದ.

ವಿದೂಷಕ ಕೋನೇರಯ್ಯ ಎದ್ದ. “ಅಪ್ಪಣೆಗೆ ಮೊದಲು ಒಂದು ಪರೀಕ್ಷೆ ಆಗಲಿ, ಪ್ರಭು. ಜಟ್ಟಿ ಭೈರನೊಡನೆ ನಾನೇ ಕುಸ್ತಿಗೆ ಇಳಿಯುತ್ತೇನೆ. ಬಿದ್ದ ಮೇಲೆ ನನ್ನ ಸ್ಥಿತಿಯನ್ನು ಸರಿಯಾಗಿ ಹೇಳಿದವರಿಗೆ ಗರಡಿ.”

“ನಿನ್ನನ್ನು ಕೆಡವಲು ಭೈರ ಬೇಕೆ? ಅವನು ಸೀನಿದರೆ ಸಾಕು!” ಎಂದು ನಕ್ಕ ಅರಸರು, ಒಪ್ಪಿಗೆಯನ್ನೂ ಕೊಟ್ಟರು.

ಎಲ್ಲರೂ ಗರಡಿಗೆ ಬಂದರು. ಭೈರ ಕೋನೇರಯ್ಯನನ್ನು ಎತ್ತಿ ಮಣ್ಣಿಗೆ ಹಾಕಿದ. ಅಂಗಾತ ಬಿದ್ದವನು ಅಲುಗಲಿಲ್ಲ.

ಭುಜಂಗರಾಯರು ಕನ್ನಡಕ ಏರಿಸಿ ಬಾಗಿದರು. “ಕಣ್ಣು ಮುಚ್ಚಿದೆ. ಸೆನ್ಸ್‌ಲೆಸ್!”

ಒಂದು ಕಣ್ಣು ಅರೆ ತೆರೆಯಿತು.

“ಅಲ್ಲ, ಡೇಜ್ಡ್.”

ನಾಲಿಗೆ ಹೊರಬಂತು.

“ತಡೆಯಿರಿ, ಸ್ಟುಪಿಫೈಡ್!”

ಎಡಗಾಲು ಗಡಗಡನೆ ನಡುಗಿತು. ರಾಯರು ಬೆವರೊರೆಸಿಕೊಂಡು ಜೇಬಿನಿಂದ ಪದಗಳ ಪಟ್ಟಿ ತೆಗೆದರು. ಹನ್ನೆರಡನ್ನೂ ಮುಗಿಸಿ ಮತ್ತೆ ಮೊದಲನೆಯದಕ್ಕೇ ಬಂದರು.

ಅರಸರು ಗಾಬರಿಯಿಂದ ಎದ್ದು ನಿಂತರು. “ಅವನ ಪ್ರಾಣ ಹೋಗುತ್ತಿದೆಯೋ ಏನೋ! ನಾಗೋಜಿ, ನೀನು ನೋಡು!”

ನಾಗೋಜಿ ಮೊಣಕಾಲೂರಿ ಕುಳಿತ. ಗರಡಿಯಲ್ಲಿ ಯಾರು ಬಿದ್ದರೂ ಮಾಡುವಂತೆ, ಕೋನೇರಯ್ಯನ ಕೈಯನ್ನು ಅವನ ಮುಖದ ನೇರಕ್ಕೆ ಎತ್ತಿ ಬಿಟ್ಟುಬಿಟ್ಟ. ಕೈ ಮೂಗನ್ನು ತಪ್ಪಿಸಿ ಪಕ್ಕಕ್ಕೆ ಬಿತ್ತು. ಇನ್ನೊಮ್ಮೆ ಎತ್ತಿ ಬಿಟ್ಟ. ಆಗಲೂ ಪಕ್ಕಕ್ಕೇ.

“ಇವರಿಗೆ ಏನೂ ಆಗಿಲ್ಲ, ಬುದ್ಧಿ. ನಿಜವಾಗಿ ಎಚ್ಚರ ತಪ್ಪಿದವನ ಕೈ ಅವನ ಮೂಗಿನ ಮೇಲೇ ಬೀಳುತ್ತದೆ. ಇವರಿಗೆ ಮೂಗಿನ ಮೇಲೆ ಇನ್ನೂ ಅಕ್ಕರೆ ಇದೆ. ಏಳಿ ಸ್ವಾಮೀ, ಮುಂದಿನ ಜೋಡಿ ಕಾಯುತ್ತಿದೆ.”

ಕೋನೇರಯ್ಯ ಮಣ್ಣು ಕೊಡವಿಕೊಂಡು ಎದ್ದು ಕೈಮುಗಿದ. ರಾಯರು ಮಾತ್ರ ತೆರೆದ ಬಾಯಿ ಮುಚ್ಚದೆ, ಪಟ್ಟಿ ಕೈಜಾರಿದ್ದೂ ತಿಳಿಯದೆ ಹಾಗೆಯೇ ನಿಂತಿದ್ದರು.

“ಗರಡಿ ನಾಗೋಜಿಯದೇ,” ಎಂದರು ಅರಸರು, ನಗು ತಡೆಯಲಾರದೆ. “ಆದರೆ ಪಾಪ, ರಾಯರು ಅಷ್ಟು ದೂರದಿಂದ ಹೊತ್ತು ತಂದ ಪದಗಳನ್ನು ಏನು ಮಾಡೋಣ, ಕೋನೇರಯ್ಯ?”

“ಒಂದೂ ವ್ಯರ್ಥವಾಗುವುದಿಲ್ಲ, ಪ್ರಭು. ಗರಡಿಯ ಗೋಡೆಗೆ ತೂಗುಹಾಕಿರುವ ಕನ್ನಡಿಯನ್ನು ತರಿಸಿ ಈಗಲೇ ರಾಯರ ಮುಂದೆ ಹಿಡಿಸಿ. ಹನ್ನೆರಡರ ಲಕ್ಷಣವೂ ಅವರಿಗೆ ಒಂದೇ ಮುಖದಲ್ಲಿ ಸಿಗುತ್ತದೆ!”