ಮಸಿ ಸುಡಲು ಹೋದ ಕಾರು

"ಗುರುಗಳೇ, ಡೀಸೆಲ್ ಕಾರು ಕೊಂಡರೆ ಒಳ್ಳೆಯದೋ, ಕೆಟ್ಟದ್ದೋ?" ಎಂದು ಗವಿಸಿದ್ಧ ಕೇಳಿದ.

ಗವಿಸಿದ್ಧ ನನ್ನ ಹತ್ತಿರ ಗಾಡಿ ಓಡಿಸಲು ಕಲಿತವನು. ಈ ಸೀಮೆಯಲ್ಲಿ ನನ್ನ ಹತ್ತಿರ ಕಲಿಯದೆ ಸ್ಟೇರಿಂಗ್ ಹಿಡಿದವರು ಯಾರೂ ಇಲ್ಲ. ಇದ್ದರೆ ಅವರು ಯಾವುದೋ ಹಳ್ಳದಲ್ಲಿ ಬಿದ್ದಿದ್ದಾರೆ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಕಣ್ಣು ಮುಚ್ಚಿ ಕೂತರೂ ಸಾಕು, ರಸ್ತೆಯಲ್ಲಿ ಹೋದ ಗಾಡಿ ಯಾವುದು, ಅದರ ಯಾವ ನಟ್ಟು ಸಡಿಲವಾಗಿದೆ, ಅದರ ಡ್ರೈವರು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿದ್ದಾನೋ ಇಲ್ಲವೋ, ಎಲ್ಲವನ್ನೂ ಸದ್ದಿನ ಮೇಲೇ ಹೇಳುತ್ತೇನೆ.

"ನಿನಗೆ ಏನು ಒಳ್ಳೆಯದು ಕಂಡಿತು, ಏನು ಕೆಟ್ಟದ್ದು ಕಂಡಿತು?" ಎಂದೆ.

"ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಏರಿನಲ್ಲಿ ಎಳೆತ ಜೋರು. ಎಂಜಿನ್ ಗಟ್ಟಿ. ಆದರೆ ಕೊಳ್ಳುವಾಗ ದುಬಾರಿ, ರಿಪೇರಿಯೂ ದುಬಾರಿ. ಹೊಗೆಗೆ ವರ್ಷಕ್ಕೊಂದು ಹೊಸ ಕಾನೂನು ಬರುತ್ತದೆ. ನಾಳೆ ಮಾರಲು ಹೋದರೆ ಯಾರು ಕೊಳ್ಳುತ್ತಾರೋ ಗೊತ್ತಿಲ್ಲ. ಸ್ನಾನ ಮಾಡುವಾಗ ಬೇಕು ಅನ್ನಿಸುತ್ತದೆ, ಊಟಕ್ಕೆ ಕೂತಾಗ ಬೇಡ ಅನ್ನಿಸುತ್ತದೆ. ಮುಂಗಾರಿನಿಂದ ಇದೇ ಪಾಡು ಗುರುಗಳೇ."

"ಹಾಗಾದರೆ ಕೂತುಕೋ," ಎಂದು ನಾನು ಅವನಿಗೆ ಈ ಕತೆ ಹೇಳಿದೆ.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬ ತಾಯಿ. ಆ ತಾಯಿಗೆ ಒಬ್ಬ ಅಕ್ಕ. ಅಕ್ಕನ ಮನೆ ಅದೇ ಊರಿನಲ್ಲಿ, ಕೆರೆಯ ಆಚೆ ದಂಡೆಯಲ್ಲಿತ್ತು. ಈಚೆಯವರು ಒಗ್ಗರಣೆ ಹಾಕಿದರೆ ಆಚೆಯವರು ಸೀನುತ್ತಿದ್ದರು, ಅಷ್ಟೇ ದೂರ.

ಆ ಅಕ್ಕನಿಗೆ ಮರೆವು ಹಿಡಿಯಿತು. ಮೊದಲು ಅಡಿಗೆಮನೆಯ ಡಬ್ಬಿಗಳನ್ನು ಮರೆತಳು. ಆಮೇಲೆ ನೆರೆಯವರನ್ನು ಮರೆತಳು. ಇತ್ತ ತಾಯಿಯ ಮಂಡಿ ಸವೆದಿತ್ತು. ಕೆರೆಯ ಏರಿಯ ಮೇಲೆ ನಡೆಯುವುದು ಆಕೆಯಿಂದ ಆಗುತ್ತಿರಲಿಲ್ಲ.

"ಅಕ್ಕನಿಗೆ ನನ್ನ ಗುರುತು ಇರುವಷ್ಟರಲ್ಲಿ ಒಂದು ಸಲ ಹೋಗಿ ಅವಳ ಜೊತೆ ಕೂತು ಬರಬೇಕು ಕಣಪ್ಪಾ. ಒಂದು ಆಟೋ ಕರೆಸು," ಎಂದಳು ತಾಯಿ.

"ಊರಿಗೆಲ್ಲ ಪಾತ್ರೆ ಮಾರುವವನ ತಾಯಿ ಆಟೋದಲ್ಲಿ ಹೋಗುವುದೇ? ನೋಡಿದವರು ನನ್ನನ್ನು ಏನಂದುಕೊಳ್ಳಬೇಕು? ಕಾರು ತರುತ್ತೇನೆ, ರಾಣಿಯ ಹಾಗೆ ಹೋಗುವೆಯಂತೆ, ಇರವ್ವಾ," ಎಂದ ಮಗ.

ತಾಯಿಗೂ ಆಸೆಯಾಯಿತು. ಆಕೆ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದು ಮೇಲಿಟ್ಟುಕೊಂಡಳು.

ಪಾತ್ರೆ ವ್ಯಾಪಾರಿಗಳದು ಒಂದು ಪದ್ಧತಿ. ತಾಮ್ರವಿರಲಿ, ಹಿತ್ತಾಳೆಯಿರಲಿ, ಅವರು ಚೆಂದ ನೋಡುವುದಿಲ್ಲ, ತಕ್ಕಡಿಗೆ ಹಾಕುತ್ತಾರೆ. ಹಳೆಯದನ್ನು ತಂದವರಿಗೂ ತೂಕ, ಹೊಸದನ್ನು ಒಯ್ಯುವವರಿಗೂ ತೂಕ. ಈ ವ್ಯಾಪಾರಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ತಲೆ ಭಾರವೆನಿಸಿದ ದಿನ ಅವನು ತಲೆಯನ್ನೇ ತಟ್ಟೆಯಲ್ಲಿಟ್ಟು ತೂಗಿ ನೋಡುತ್ತಿದ್ದ.

ಅವನು ಅಂಗಡಿಯ ದೊಡ್ಡ ತಕ್ಕಡಿಯ ಮುಂದೆ ಕೂತ. ಒಂದು ತಟ್ಟೆ ಡೀಸೆಲ್ಲಿಗೆ, ಒಂದು ತಟ್ಟೆ ಪೆಟ್ರೋಲಿಗೆ. ಲೀಟರಿಗೆ ಹೆಚ್ಚು ಓಡುತ್ತದೆಂದು ಡೀಸೆಲ್ಲಿನ ತಟ್ಟೆಯಲ್ಲಿ ಒಂದು ತಾಮ್ರದ ಹಂಡೆ ಇಟ್ಟ. ಕೊಳ್ಳುವಾಗ ಅಗ್ಗವೆಂದು ಪೆಟ್ರೋಲಿನ ತಟ್ಟೆಯಲ್ಲಿ ಒಂದು ಕೊಡ ಇಟ್ಟ. ಏರಿನಲ್ಲಿ ಎಳೆಯುತ್ತದೆಂದು ಇತ್ತ ಒಂದು ಕೊಪ್ಪರಿಗೆ. ಸದ್ದು ಕಡಿಮೆಯೆಂದು ಅತ್ತ ಒಂದು ಚೊಂಬು. ಬಂದ ಗಿರಾಕಿಗಳೂ ಸುಮ್ಮನಿರಲಿಲ್ಲ. ಒಬ್ಬ ಸೌಟು ಇಟ್ಟರೆ ಇನ್ನೊಬ್ಬ ಅದನ್ನು ತೆಗೆದ.

"ಪೆಟ್ರೋಲ್ ಗಾಡಿ ಹೆಂಗಸರಿಗೆ ಸರಿ," ಎಂದ ಒಬ್ಬ ಗಿರಾಕಿ.

"ನಿಮಗೆ ಸೈಕಲ್ಲಿನ ಚೈನು ಹಾಕಲು ಬರುವುದಿಲ್ಲ. ಸುಮ್ಮನೆ ಆ ಪರಾತ ಹಿಡಿದುಕೊಳ್ಳಿ," ಎಂದಳು ಆ ಗಿರಾಕಿಯ ಹೆಂಡತಿ.

ಹೀಗೆ ಮಳೆಗಾಲ ಕಳೆಯಿತು. ಚಳಿಗಾಲದಲ್ಲಿ ಒಂದು ದಿನ ಡೀಸೆಲ್ಲಿನ ತಟ್ಟೆ ನೆಲ ಮುಟ್ಟಿತು. ಮುಟ್ಟಿದ ಹೊಡೆತಕ್ಕೆ ಊರು ಅಲುಗಿತು. ಕೆರೆಯಲ್ಲಿ ಒಂದು ಅಲೆ ಎದ್ದು, ಮೆಲ್ಲಗೆ ಹೋಗಿ ಆಚೆ ದಂಡೆಯನ್ನು ತಟ್ಟಿತು. ಸುಳ್ಳಲ್ಲ, ಅಂದು ಆ ಕೆರೆಯಲ್ಲಿ ನನ್ನ ಲಾರಿ ತೊಳೆಯುತ್ತಿದ್ದವನು ನಾನೇ.

ವ್ಯಾಪಾರಿ ಡೀಸೆಲ್ ಕಾರು ತಂದ. ಮಾರಿದವನು ಬೀಗದ ಕೈ ಕೊಡುವಾಗ ಒಂದು ಮಾತು ಹೇಳಿದ್ದ. "ಇದರ ಹೊಗೆಯ ಕೊಳವೆಯಲ್ಲಿ ಒಂದು ಜರಡಿ ಇದೆ ಸಾಹುಕಾರರೇ. ಅದು ಮಸಿಯನ್ನು ಹಿಡಿದಿಡುತ್ತದೆ. ಗಾಡಿ ದೂರ ಓಡಿ ಚೆನ್ನಾಗಿ ಕಾದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಬರೀ ಓಣಿಯಿಂದ ಓಣಿಗೆ ಓಡಿಸುತ್ತಿದ್ದರೆ ಜರಡಿ ಕಟ್ಟಿಕೊಂಡು ಸ್ಟೇರಿಂಗಿನ ಮುಂದೆ ಒಂದು ದೀಪ ಹತ್ತುತ್ತದೆ. ಹತ್ತಿದಾಗ ಹೈವೇಗೆ ಬಿಡಿ."

ಕಾರನ್ನು ಊರವರಿಗೆ ತೋರಿಸಬೇಕಲ್ಲ. ವ್ಯಾಪಾರಿ ಓಣಿ ಓಣಿ ಸುತ್ತಿದ. ತಾಯಿ ಇಳಕಲ್ ಸೀರೆ ಉಟ್ಟು ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ದೀಪ ಹತ್ತಿತು.

"ಅವ್ವಾ, ಈಗ ಬೇಡ. ಕೆರೆ ದಾಟುವುದರಲ್ಲಿ ಇದು ಬೆಚ್ಚಗೂ ಆಗುವುದಿಲ್ಲ, ಇನ್ನಷ್ಟು ಮಸಿ ಕಟ್ಟುತ್ತದೆ. ಹೈವೇಗೆ ಹೋಗಿ ಸುಟ್ಟುಕೊಂಡು ಬಂದುಬಿಡುತ್ತೇನೆ," ಎಂದ.

"ಅಷ್ಟು ದೂರ ಹೋಗುವವನು ನನ್ನನ್ನು ಅಲ್ಲಿ ಇಳಿಸಿ ಹೋಗಬಾರದೇನೋ?"

"ಹೈವೇ ಈ ಕಡೆ, ದೊಡ್ಡವ್ವನ ಮನೆ ಆ ಕಡೆ. ನಿನಗೆ ಗಾಡಿಯ ವಿಷಯ ತಿಳಿಯುವುದಿಲ್ಲ, ಕೂತಿರು."

ಅವನು ಹೈವೇಗೆ ಹೋದ. ಕಾರು ಕಾದಿತು. ಅದರ ಎಳೆತ ಎಂಥದೆಂದರೆ, ಏರು ಹತ್ತುವಾಗ ಗುಡ್ಡವೇ ತುಸು ಹಿಂದಕ್ಕೆ ಸರಿಯುತ್ತಿತ್ತು. ಸಂಜೆ ಹೆಡ್‌ಲೈಟು ಹಾಕಿದರೆ, ಇಕ್ಕೆಲದ ಸೂರ್ಯಕಾಂತಿ ಹೂಗಳು ಬೆಳಗಾಯಿತೆಂದು ಕಾರಿನ ಕಡೆ ಮುಖ ತಿರುಗಿಸುತ್ತಿದ್ದವು. ಗಾಳಿಯಿಲ್ಲದ ದಿನವೂ ಗುಡ್ಡದ ಮೇಲಿನ ಗಾಳಿಯಂತ್ರಗಳು ಆ ಕಾರು ಹೋದ ರಭಸಕ್ಕೇ ತಿರುಗುತ್ತಿದ್ದವು. ರಸ್ತೆ ಒಂದು ಊರನ್ನು ತಂದು ಎದುರಿಗಿಡುತ್ತಿತ್ತು, ನೋಡುವುದರೊಳಗೆ ಎತ್ತಿಕೊಂಡು ಹೋಗುತ್ತಿತ್ತು. ವ್ಯಾಪಾರಿಗೆ ತಾನು ಓಡಿಸುತ್ತಿದ್ದೇನೆ ಎನ್ನುವುದೇ ಮರೆತುಹೋಯಿತು. ಯಾರೋ ತನ್ನನ್ನು ತೊಟ್ಟಿಲಲ್ಲಿಟ್ಟು ತೂಗುತ್ತಿದ್ದಾರೆ ಅನ್ನಿಸಿತು.

ಮನೆಗೆ ಬಂದಾಗ ದೀಪ ಆರಿತ್ತು. ಜರಡಿ ಶುದ್ಧವಾಗಿತ್ತು.

"ಈಗ ಹೋಗೋಣವೇನಪ್ಪಾ?" ಎಂದಳು ತಾಯಿ.

"ಈಗತಾನೇ ಮಸಿ ಸುಟ್ಟು ತಂದಿದ್ದೇನೆ ಅವ್ವಾ. ಮತ್ತೆ ಓಣಿಗೆ ಇಳಿಸಿದರೆ ಸುಟ್ಟದ್ದೆಲ್ಲ ದಂಡವಾಗುತ್ತದೆ. ನಾಳೆ ನೋಡೋಣ."

ಮರುದಿನ ಅಂಗಡಿಗೆ ಹೋಗಿ ಬರುವುದರಲ್ಲಿ ಮತ್ತೆ ಮಸಿ ಕೂತಿತು. ದೀಪ ಹತ್ತಿದಾಗ ತಾಯಿಯನ್ನು ಕೂರಿಸಿಕೊಳ್ಳುವ ಹಾಗಿಲ್ಲ. ಆರಿದಾಗ ಕೂರಿಸಿಕೊಳ್ಳಲು ಮನಸ್ಸಿಲ್ಲ. ಹೀಗೆ ಅವನು ದಿನವೂ ಹೊರಟ, ದಿನವೂ ಬಂದ. ಆ ಹೈವೇಯಲ್ಲಿ ನಾನು ಲಾರಿ ಓಡಿಸುತ್ತಿದ್ದೆ. ಎದುರಾದಾಗಲೆಲ್ಲ ಹಾರನ್ ಹೊಡೆದೆ. ಅವನು ನಗುತ್ತಾ ಹೋಗುತ್ತಿದ್ದ, ಕೇಳಿಸುತ್ತಿರಲಿಲ್ಲ.

ಹಾಲು ಹಾಕುವವಳು ಎರಡೂ ದಂಡೆಗೆ ಹಾಲು ಹಾಕುತ್ತಿದ್ದಳು. ಒಂದು ದಿನ ಆಕೆ ತಾಯಿಗೆ, "ನಿಮ್ಮ ಅಕ್ಕ ನಿಮ್ಮನ್ನು ಕೇಳಿದರು, ಇನ್ನೂ ಯಾಕೆ ಬರಲಿಲ್ಲ ಎಂದರು," ಎಂದಳು. ಕೆಲವು ದಿನ ಬಿಟ್ಟು, "ಈವತ್ತು ನಿಮ್ಮ ಹೆಸರು ನೆನಪಾಗದೆ ಅತ್ತರು," ಎಂದಳು. ಇನ್ನೂ ಕೆಲವು ದಿನ ಬಿಟ್ಟು ಬಂದು, ಹಾಲು ಅಳೆದು, ಹೇಳಲೋ ಬೇಡವೋ ಎಂದು ನಿಂತಳು.

"ಹೇಳೇ," ಎಂದಳು ತಾಯಿ.

"'ನನಗೆ ತಂಗಿ ಅಂತ ಯಾರಾದರೂ ಇದ್ದಳೇ?' ಎಂದು ಕೇಳಿದರಮ್ಮಾ."

ತಾಯಿ ಎದ್ದಳು. ಸೀರೆ ಬದಲಿಸಲಿಲ್ಲ. ಹೊರಗೆ ಕಲ್ಲಂಗಡಿ ಮಾರುವವನು ವ್ಯಾಪಾರ ಮುಗಿಸಿ ತಳ್ಳುಗಾಡಿ ದೂಡಿಕೊಂಡು ಹೊರಟಿದ್ದ.

"ಕೆರೆಯ ಆಚೆಗೆ ಹೋಗುತ್ತೀಯೇನಪ್ಪಾ?"

"ಹೌದಮ್ಮಾ. ಹಣ್ಣು ಬೇಕಿತ್ತೇ?"

"ಹಣ್ಣು ಬೇಡ. ಹಣ್ಣಿನ ಜಾಗ ಬೇಕು. ನನ್ನನ್ನು ಕೂರಿಸಿಕೋ."

"ಎರಡು ಕಾಯಿ ಉಳಿದಿವೆ, ಅವುಗಳ ಜೊತೆ ಮೂರನೆಯವರಾಗಿ ಕೂತುಕೊಳ್ಳಿ," ಎಂದು ಅವನು ಗೋಣಿ ಕೊಡವಿ ಹಾಸಿದ. ತಳ್ಳುಗಾಡಿ ಕೆರೆಯ ಏರಿಯ ಮೇಲೆ ಹೋಯಿತು. ಕೆಳಗೆ ನೀರಿನಲ್ಲಿ ಇನ್ನೊಂದು ತಳ್ಳುಗಾಡಿ ತಲೆಕೆಳಗಾಗಿ ಜೊತೆಗೇ ಹೋಯಿತು.

ಅಂದು ಸಂಜೆ ವ್ಯಾಪಾರಿ ಬಂದಾಗ ಬಾಗಿಲಲ್ಲಿ ತಾಯಿ ಇರಲಿಲ್ಲ. ಪಕ್ಕದ ಮನೆಯವರು ಆಚೆ ದಂಡೆಯ ಕಡೆ ಕೈ ತೋರಿಸಿದರು. ಅವನು ಕಾರು ತಿರುಗಿಸಿದ. ಒಂದು ಹಾಡು ಮುಗಿಯುವುದರೊಳಗೆ ದೊಡ್ಡವ್ವನ ಮನೆಯ ಮುಂದಿದ್ದ.

ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಅಕ್ಕ ಹಿಂದೆ ಕೂತು ತಂಗಿಯ ನರೆತ ಕೂದಲನ್ನು ಬಾಚಿ ಜಡೆ ಹಾಕುತ್ತಿದ್ದಳು. "ಯಾರ ಮಗಳೇ ನೀನು? ಇಷ್ಟು ಕೂದಲು ಕೆದರಿಕೊಂಡು ಬಂದಿದ್ದೀಯಲ್ಲ, ನಿಮ್ಮವ್ವ ಬಾಚುವುದಿಲ್ಲವೇ?" ಎನ್ನುತ್ತಿದ್ದಳು. ತಂಗಿ ಅಲುಗದೆ ಕೂತು, "ಇಲ್ಲ, ಯಾವಾಗಲೂ ಅಕ್ಕನೇ ಬಾಚುತ್ತಿದ್ದಳು," ಎನ್ನುತ್ತಿದ್ದಳು.

"ಅವ್ವಾ, ಕಾರು ತಂದಿದ್ದೇನೆ," ಎಂದ ವ್ಯಾಪಾರಿ.

ಅಕ್ಕ ಬಾಚಣಿಗೆ ನಿಲ್ಲಿಸಿದಳು. "ಯಾರದು, ಬಾಗಿಲಲ್ಲಿ ನಿಂತವರು?"

ತಾಯಿ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ದಾರಿಹೋಕರು. ಬಹಳ ದೂರದಿಂದ ಬಂದ ಹಾಗಿದೆ," ಎಂದಳು.

"ಪಾಪ. ಒಳಗೆ ಬೆಲ್ಲ ಇದೆ, ನೀರು ಇದೆ, ಕೊಟ್ಟು ಕಳಿಸು," ಎಂದು ಅಕ್ಕ ಮತ್ತೆ ಜಡೆ ಹಿಡಿದಳು.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡು, ನಿಂತೇ ನೀರು ಕುಡಿದ.

ನಾನು ಕತೆ ನಿಲ್ಲಿಸಿದೆ.  ಗವಿಸಿದ್ಧ ಮುಖ ಅರಳಿಸಿಕೊಂಡು, "ತಿಳಿಯಿತು ಗುರುಗಳೇ. ಊರೊಳಗೆ ಓಡಾಡುವವನು ಪೆಟ್ರೋಲ್ ಕಾರನ್ನೇ ಕೊಳ್ಳಬೇಕು ಅನ್ನಿ," ಎಂದ.

"ನೀನು ಇಲ್ಲಿಗೆ ಹೊರಟಾಗ ನಿನ್ನ ಮನೆಯ ಬಾಗಿಲಲ್ಲಿ ಯಾರು ಕೂತಿದ್ದರು, ನೋಡಿದೆಯಾ?" ಎಂದೆ.